ರಕ್ತದ ಟ್ಯೂಬಿನಿಂದ ಗ್ರಾಫಿನವರೆಗೆ: ಬಿಳಿರಕ್ತಕಣಗಳ ಪ್ರಯೋಗ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ರಕ್ತದಿಂದ ಬಿಳಿಕಣಗಳನ್ನು ಬೇರ್ಪಡಿಸಿ, ಬೆಳೆಸಿ, ಪ್ರಚೋದಿಸಿ, ಬಣ್ಣ ಕಟ್ಟಿದ ಆಂಟಿಬಾಡಿ (ಕೋಶದ ನಿರ್ದಿಷ್ಟ ಗುರುತಿಗೆ ಅಂಟುವ ಪ್ರೋಟೀನ್) ಹಚ್ಚಿ, ಕೋಶಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹಾಯಿಸಿ ನೋಡುವ ಫ್ಲೋ ಸೈಟೋಮೀಟರಿಗೆ ಕೊಡುವಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ. ತಪ್ಪು ನಡೆದದ್ದು ಸೋಮವಾರ ಬೆಳಿಗ್ಗೆ, ಕಣ್ಣಿಗೆ ಬೀಳುವುದು ಶುಕ್ರವಾರ ಸಂಜೆ. ಆಗ ಎಲ್ಲರ ಅನುಮಾನವೂ ಮೊದಲು ಹೋಗುವುದು ದುಬಾರಿ ಆಂಟಿಬಾಡಿಯ ಮೇಲೆ: "ಇದು ಕೆಟ್ಟಿರಬೇಕು, ಹೊಸದು ತರಿಸೋಣ." ಬಹಳ ಸಲ ಕೆಟ್ಟಿರುವುದು ಅದಲ್ಲ. ಬ್ರೇಕ್ ಆಫ್ ಮಾಡಿರದ ಸೆಂಟ್ರಿಫ್ಯೂಜ್ (ಟ್ಯೂಬುಗಳನ್ನು ಗಿರಗಿರನೆ ಸುತ್ತಿಸುವ ಯಂತ್ರ), ಫ್ರಿಜ್ಜಿನಿಂದ ನೇರವಾಗಿ ಬಂದ ಫೈಕಾಲ್ (ಕಣಗಳನ್ನು ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ದ್ರವ), ರಾತ್ರಿಯಿಡೀ ಕಾದ ರಕ್ತ, ಇಂಥವು.

ಅದಕ್ಕೇ ಈ ಕೈಪಿಡಿಯನ್ನು ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಪ್ರತಿ ಲಕ್ಷಣಕ್ಕೂ ಮೊದಲು ಕಾಸು ಖರ್ಚಿಲ್ಲದ ತಪಾಸಣೆ, ಆಮೇಲೆ ಸಣ್ಣ ಖರ್ಚಿನದು, ಕೊನೆಗೆ ಕಷ್ಟದ್ದು. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಕಾಯಿಲೆ ತೋರಿಸುವ ಚಿಹ್ನೆಯನ್ನೇ ಕೈತಪ್ಪೂ ತೋರಿಸುತ್ತದೆ. ದಣಿದ ಟಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿಕಣ) ರೋಗದಿಂದ ದಣಿದಿದೆಯೋ, ನಿಮ್ಮ ಫ್ರೀಜರಿನಿಂದ ದಣಿದಿದೆಯೋ, ಗ್ರಾಫ್ ನೋಡಿ ಹೇಳಲಾಗುವುದಿಲ್ಲ.

ಟ್ಯೂಬ್ ಮುಟ್ಟುವ ಮುನ್ನ

ದಾನಿ ಎಷ್ಟೇ ಆರೋಗ್ಯವಂತನಾಗಿ ಕಂಡರೂ ಮನುಷ್ಯನ ರಕ್ತವೆಂದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಇರಬಹುದಾದ ರಕ್ತ ಎಂದೇ ತಿಳಿದು ಕೆಲಸ ಮಾಡಿ. ಎರಡನೇ ಹಂತದ ಜೈವಿಕ ಸುರಕ್ಷತೆ, ಕ್ಲಾಸ್ 2 ಕ್ಯಾಬಿನೆಟ್, ಗ್ಲವ್ಸ್, ಮೈಮುಚ್ಚುವ ಕೋಟು, ಹೆಪಟೈಟಿಸ್ ಬಿ ಲಸಿಕೆ ಇವಿಷ್ಟು ಇಲ್ಲದೆ ಶುರು ಮಾಡಬೇಡಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ತಕ್ಷಣ ವರದಿ ಮಾಡಿ, ವೈದ್ಯರ ಬಳಿ ಹೋಗಿ. ಎಚ್‌ಐವಿ ತಡೆಯುವ ಔಷಧವನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಬಾರದು. "ಪ್ರಯೋಗ ಮುಗಿಸಿ ಹೋಗುತ್ತೇನೆ" ಎನ್ನುವ ಮಾತೇ ಬೇಡ.

ದಾನಿ ಸಿಗಲಿಲ್ಲವೆಂದು ನಿಮ್ಮದೇ ರಕ್ತ ತೆಗೆದು ಬೆಳೆಸಬೇಡಿ. ವೈರಸ್ಸಿನಿಂದಲೋ ಜೀನ್ ಸೇರಿಸಿಯೋ ರೂಪಾಂತರಗೊಂಡ ಸ್ವಂತ ಕೋಶ ಆಕಸ್ಮಿಕವಾಗಿ ಮೈ ಸೇರಿದರೆ, ದೇಹ ಅದನ್ನು ಪರಕೀಯವೆಂದು ಗುರುತಿಸಿ ಹೊರಹಾಕದೇ ಹೋಗಬಹುದು. ಯಾರ ರಕ್ತವಾದರೂ ಒಪ್ಪಿಗೆ ಪತ್ರವೂ ನೈತಿಕ ಸಮಿತಿಯ ಅನುಮತಿಯೂ ಇರಲೇಬೇಕು.

ಲಕ್ಷಣ: ಟ್ಯೂಬಿನಲ್ಲಿ ಬಿಳಿ ಪದರವೇ ಇಲ್ಲ, ಅಥವಾ ಮಬ್ಬಾಗಿ ಹರಡಿದೆ

ಸರಿಯಾಗಿ ಬಂದ ಟ್ಯೂಬನ್ನು ಬೆಳಕಿಗೆ ಹಿಡಿದರೆ ನಾಲ್ಕು ಮಹಡಿ ಕಾಣುತ್ತವೆ. ಮೇಲೆ ಹಳದಿ ಪ್ಲಾಸ್ಮಾ, ಅದರ ಕೆಳಗೆ ಹೊಗೆಯಂಥ ತೆಳು ಬಿಳಿ ಉಂಗುರ, ಆಮೇಲೆ ತಿಳಿಯಾದ ಫೈಕಾಲ್, ತಳದಲ್ಲಿ ಗಟ್ಟಿ ಕೆಂಪು. ಆ ಉಂಗುರವೇ ನಮಗೆ ಬೇಕಾದದ್ದು: ಲಿಂಫೋಸೈಟ್ (ಟಿ, ಬಿ, ಎನ್‌ಕೆ ಕೋಶಗಳು) ಮತ್ತು ಮಾನೋಸೈಟ್‌ಗಳು, ಪ್ರಯೋಗಾಲಯದ ಮಾತಿನಲ್ಲಿ ಪಿಬಿಎಂಸಿ. ಆರ್ನೆ ಬೋಯುಮ್ 1968ರಲ್ಲಿ ಪ್ರಕಟಿಸಿದ ಈ ವಿಧಾನ ನಿಂತಿರುವುದು ಒಂದೇ ಸಂಖ್ಯೆಯ ಮೇಲೆ: ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆ. ಅದಕ್ಕಿಂತ ಹಗುರಾದವು ಮೇಲೆ ನಿಲ್ಲುತ್ತವೆ. ಕೆಂಪುಕಣ ಮತ್ತು ಗ್ರಾನ್ಯುಲೋಸೈಟ್ (ನ್ಯೂಟ್ರೋಫಿಲ್‌ನಂಥ ಭಾರದ ಬಿಳಿಕಣ) ಕೆಳಗಿಳಿಯುತ್ತವೆ.

ಮೊದಲು ಬ್ರೇಕ್ ನೋಡಿ. ಅದು ಸೊನ್ನೆಯಲ್ಲಿರಬೇಕು. ಯಂತ್ರ ಗಕ್ಕನೆ ನಿಂತರೆ ಒಳಗಿನ ದ್ರವ ಸುಳಿ ತಿರುಗಿ ಉಂಗುರ ಕದಡುತ್ತದೆ. ನಿಮಗಿಂತ ಮೊದಲು ಬಳಸಿದವರು ಬ್ರೇಕ್ ಹಾಕಿಕೊಂಡಿದ್ದರೆ ಯಂತ್ರ ಅದನ್ನೇ ನೆನಪಿಟ್ಟುಕೊಂಡಿರುತ್ತದೆ.

ಎರಡನೆಯದು ವೇಗ. ನಿಮ್ಮ ಹಾಳೆಯಲ್ಲಿ "1500 ಆರ್‌ಪಿಎಂ" ಎಂದು ಮಾತ್ರ ಬರೆದಿದ್ದರೆ ಆ ಹಾಳೆಯನ್ನು ನಂಬಬೇಡಿ. ನಮಗೆ ಬೇಕಾದದ್ದು ಸುತ್ತು ಅಲ್ಲ, ಬಲ: ಸಾಮಾನ್ಯವಾಗಿ 400 ಜಿ (ಗುರುತ್ವದ 400 ಪಟ್ಟು), 30 ನಿಮಿಷ. ಲೆಕ್ಕ ಸುಲಭ. ನಿಮಿಷದ ಸುತ್ತುಗಳ ವರ್ಗವನ್ನು ಸೆಂಟಿಮೀಟರಿನಲ್ಲಿರುವ ರೋಟರಿನ ತ್ರಿಜ್ಯದಿಂದ ಗುಣಿಸಿ, ಅದನ್ನು 0.00001118ರಿಂದ ಗುಣಿಸಿ. 16 ಸೆಂ.ಮೀ. ರೋಟರಿನಲ್ಲಿ 1500 ಸುತ್ತು ಎಂದರೆ ಸುಮಾರು 400 ಜಿ. ಅದೇ 1500 ಸುತ್ತು 10 ಸೆಂ.ಮೀ. ರೋಟರಿನಲ್ಲಿ 250 ಜಿ ಮಾತ್ರ. ಪಕ್ಕದ ಕೋಣೆಯ ಯಂತ್ರಕ್ಕೆ ಹೋದ ದಿನ ಪದರ ಕಾಣೆಯಾಯಿತು ಎನ್ನುವವರು ಇದನ್ನೇ ಮೊದಲು ನೋಡಬೇಕು.

ಮೂರನೆಯದು ಸುರಿದ ಕೈ. ರಕ್ತವನ್ನು ಸಮಪ್ರಮಾಣದ ಪಿಬಿಎಸ್ (ಫಾಸ್ಫೇಟ್ ಬೆರೆಸಿದ ಉಪ್ಪುನೀರು) ಸೇರಿಸಿ ತೆಳುವಾಗಿಸಿ, ಟ್ಯೂಬನ್ನು ಓರೆಯಾಗಿ ಹಿಡಿದು, ಗೋಡೆಗುಂಟ ಫೈಕಾಲ್ ಮೇಲೆ ನಿಧಾನವಾಗಿ ಇಳಿಸಬೇಕು. ಸುತ್ತಿಸುವ ಮೊದಲೇ ಕೆಂಪು ಮತ್ತು ತಿಳಿಯ ನಡುವೆ ಗೆರೆ ಎಳೆದಂತೆ ಕಾಣದಿದ್ದರೆ ಎರಡೂ ಬೆರೆತಿವೆ ಎಂದರ್ಥ, ಸುತ್ತಿಸಿ ಪ್ರಯೋಜನವಿಲ್ಲ.

ರಕ್ತದಲ್ಲಿ ಹೆಪ್ಪಿನ ಚೂರು ಕಂಡರೆ ಅಲ್ಲಿಗೇ ನಿಲ್ಲಿಸಿ. ಹೆಪ್ಪು ಬಿಳಿಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಉಳಿದ ಕೋಶ ಬಂದರೂ ಅವು ಆ ದಾನಿಯ ನಿಜವಾದ ಪ್ರತಿನಿಧಿಗಳಲ್ಲ.

ಸುತ್ತುವಾಗ ಒಳಗೆ ಟ್ಯೂಬ್ ಒಡೆದ ಸದ್ದು ಬಂದರೆ ಯಂತ್ರ ನಿಲ್ಲಿಸಿ, ಮುಚ್ಚಳ ತೆರೆಯದೆ 30 ನಿಮಿಷ ಬಿಡಿ. ಗಾಳಿಯಲ್ಲಿ ತೇಲುವ ಹನಿ ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ಆಮೇಲೂ ಒಬ್ಬರೇ ಕೈ ಹಾಕಬೇಡಿ, ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.

ಲಕ್ಷಣ: ಪದರ ಬಂತು, ಆದರೆ ತೊಳೆದ ಪೆಲೆಟ್ (ತಳದಲ್ಲಿ ಕೂತ ಕೋಶಗಳ ಉಂಡೆ) ಕೆಂಪಾಗಿದೆ

ಫೈಕಾಲ್ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ತಣ್ಣಗಿದ್ದರೆ ಉತ್ತರ ಸಿಕ್ಕಿತು. ತಣ್ಣಗಿರುವಾಗ ದ್ರವದ ಸಾಂದ್ರತೆ, ಸ್ನಿಗ್ಧತೆ ಎರಡೂ ಏರುತ್ತವೆ, ಕೆಂಪುಕಣ ಒಂದಕ್ಕೊಂದು ಅಂಟಿ ಇಳಿಯುವುದು ತಗ್ಗುತ್ತದೆ. ಫೈಕಾಲ್, ಪಿಬಿಎಸ್, ರಕ್ತ, ಸೆಂಟ್ರಿಫ್ಯೂಜ್ ನಾಲ್ಕೂ 18ರಿಂದ 20 ಡಿಗ್ರಿಯಲ್ಲಿರಬೇಕು. ಸೆಂಟ್ರಿಫ್ಯೂಜನ್ನು 4 ಡಿಗ್ರಿಯಲ್ಲಿ ಬಿಟ್ಟು ಹೋಗುವ ರೂಢಿ ಇರುವ ಕಡೆ ಇದು ಮತ್ತೆ ಮತ್ತೆ ಆಗುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಮಾತ್ರ ತುಸು ಕೆಂಪು ಸಹಜ; ಅದರಲ್ಲಿ ನ್ಯೂಕ್ಲಿಯಸ್ ಇರುವ ಎಳೆಯ ಕೆಂಪುಕಣಗಳಿರುತ್ತವೆ.

ಕೆಂಪು ಸ್ವಲ್ಪವೇ ಇದ್ದರೆ ಅಮೋನಿಯಂ ಕ್ಲೋರೈಡ್ ಬಫರಿನಲ್ಲಿ ಕೆಲವು ನಿಮಿಷವಿಟ್ಟು ಕೆಂಪುಕಣ ಒಡೆದು ತೊಳೆಯಬಹುದು. ಗಡಿಯಾರ ನೋಡುತ್ತಲೇ ಇರಿ, ಹೆಚ್ಚು ಹೊತ್ತಾದರೆ ಬಿಳಿಕಣಕ್ಕೂ ಏಟು. ಒಂದು ಮಾದರಿಗೆ ಹೀಗೆ ಮಾಡಿದರೆ ಆ ಅಧ್ಯಯನದ ಎಲ್ಲ ಮಾದರಿಗಳಿಗೂ ಮಾಡಬೇಕು.

ಸೂಕ್ಷ್ಮದರ್ಶಕದಲ್ಲಿ ಕೋಶಗಳ ಸುತ್ತ ಎಳ್ಳಿಗಿಂತ ಸಣ್ಣ ಚುಕ್ಕೆಗಳು ಮುತ್ತಿಕೊಂಡಂತೆ ಕಂಡರೆ ಅವು ಪ್ಲೇಟ್‌ಲೆಟ್. 200 ಜಿಯಲ್ಲಿ 10 ನಿಮಿಷ ಸುತ್ತಿಸಿ ಮೇಲಿನ ದ್ರವ ಚೆಲ್ಲಿ. ಎರಡು ಸಲ ಹೀಗೆ ಮಾಡಿದರೆ ಬಹುಪಾಲು ಹೋಗುತ್ತವೆ.

ಲಕ್ಷಣ: ಎಣಿಕೆ ತಾಳೆಯಾಗುತ್ತಿಲ್ಲ

ಒಂದು ಮಿಲಿಲೀಟರ್ ರಕ್ತದಿಂದ 10 ಲಕ್ಷದ ಆಸುಪಾಸು ಕೋಶ ನಿರೀಕ್ಷಿಸಿ. ಬಹಳ ಕಡಿಮೆ ಬಂದರೆ ಮೊದಲು ಚೆಲ್ಲಬೇಕೆಂದು ಇಟ್ಟ ಪ್ಲಾಸ್ಮಾ ಮತ್ತು ತೊಳೆದ ನೀರಿನ ಒಂದೊಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಳೆದುಹೋದ ಕೋಶ ಅಲ್ಲೇ ಸಿಗುವುದು ಹೆಚ್ಚು. ಎಣಿಕೆ ಮುಗಿಯುವವರೆಗೆ ಏನನ್ನೂ ಚೆಲ್ಲದಿರುವುದು ಒಳ್ಳೆಯ ಅಭ್ಯಾಸ.

ಲೆಕ್ಕವನ್ನೂ ಒಮ್ಮೆ ಕೈಯಲ್ಲಿ ಮಾಡಿ. ಎಣಿಕೆ ಗಾಜಿನ ನಾಲ್ಕು ಮೂಲೆಯ ಚೌಕಗಳಲ್ಲಿ 52, 48, 55, 45 ಸಿಕ್ಕಿತೆನ್ನಿ. ಸರಾಸರಿ 50. ಸತ್ತ ಕೋಶವನ್ನು ನೀಲಿಯಾಗಿಸುವ ಟ್ರೈಪಾನ್ ಬ್ಲೂ ಸಮಪಾಲು ಬೆರೆಸಿದ್ದರಿಂದ 2ರಿಂದ ಗುಣಿಸಿ, ಚೌಕದ ಗಾತ್ರಕ್ಕಾಗಿ 10,000ದಿಂದ ಗುಣಿಸಿ: ಮಿಲಿಗೆ 10 ಲಕ್ಷ. ನಾಲ್ಕು ಚೌಕಗಳ ನಡುವೆಯೇ ಭಾರೀ ವ್ಯತ್ಯಾಸವಿದ್ದರೆ ಕೋಶಗಳು ಸರಿಯಾಗಿ ಬೆರೆತಿಲ್ಲ. ಮತ್ತೆ ಮೆಲ್ಲಗೆ ಕಲಕಿ ಹೊಸ ಹನಿ ಹಾಕಿ. ಬಣ್ಣ ಹಾಕಿದ ಮೇಲೆ ಐದು ನಿಮಿಷದೊಳಗೆ ಎಣಿಸಿ ಮುಗಿಸಿ. ತಡವಾದರೆ ಬದುಕಿದ್ದವೂ ನೀಲಿಯಾಗುತ್ತ ಹೋಗುತ್ತವೆ. ತಾನೇ ಎಣಿಸುವ ಯಂತ್ರ ವಿಪರೀತ ದೊಡ್ಡ ಸಂಖ್ಯೆ ಕೊಟ್ಟರೆ ಅದು ಕೆಂಪುಕಣ, ಪ್ಲೇಟ್‌ಲೆಟ್‌ಗಳನ್ನೂ ಲೆಕ್ಕಕ್ಕೆ ಹಿಡಿದಿರಬಹುದು.

ಲಕ್ಷಣ: ಫ್ರೀಜರಿನಿಂದ ತೆಗೆದ ಕೋಶ ಗಂಟುಕಟ್ಟುತ್ತದೆ, ಅರ್ಧಕ್ಕರ್ಧ ಸತ್ತಿದೆ

ಪಿಪೆಟ್ಟಿನ ತುದಿಗೆ ಲೋಳೆಯಂತೆ ಎಳೆಎಳೆಯಾಗಿ ಅಂಟಿ ಬರುವುದು ಸತ್ತ ಕೋಶಗಳಿಂದ ಹೊರಬಿದ್ದ ಡಿಎನ್‌ಎ. ಅದು ಬದುಕಿದ್ದವನ್ನೂ ಬಲೆಯಂತೆ ಹಿಡಿದುಕೊಳ್ಳುತ್ತದೆ. ಜೋರಾಗಿ ಪಿಪೆಟ್ ಮಾಡಿದರೆ ಇನ್ನಷ್ಟು ಕೋಶ ಒಡೆದು ಗಂಟು ದೊಡ್ಡದಾಗುತ್ತದೆ. ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ ಮೆಲ್ಲಗೆ ಅಲುಗಿಸಿ. ಆದರೆ ಆ ಬಫರಿನಲ್ಲಿ ಇಡಿಟಿಎ ಇರಬಾರದು: ಡಿಎನ್‌ಏಸ್ ಕೆಲಸ ಮಾಡಲು ಮೆಗ್ನೀಸಿಯಂ ಬೇಕು, ಇಡಿಟಿಎ ಅದನ್ನು ಕಟ್ಟಿಹಾಕುತ್ತದೆ. "ಡಿಎನ್‌ಏಸ್ ಹಾಕಿದರೂ ಗಂಟು ಬಿಡಲಿಲ್ಲ" ಎಂದಾಗ ನಾನು ಮೊದಲು ಕೇಳುವ ಪ್ರಶ್ನೆ ಇದು.

ಮುಂದಿನ ಸಲಕ್ಕೆ ಕರಗಿಸುವ ಕ್ರಮ ಪರೀಕ್ಷಿಸಿ. 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ಕಡಲೆಕಾಳಿನಷ್ಟು ಮಂಜು ಉಳಿದಾಗಲೇ ತೆಗೆದು, ಕೋಶ ಬೆಳೆಸುವ ಬೆಚ್ಚಗಿನ ಪೋಷಕದ್ರವ, ಅಂದರೆ ಮೀಡಿಯಂ ಅನ್ನು ಮೊದಲು ಹನಿಹನಿಯಾಗಿ ಸೇರಿಸಬೇಕು. ಒಮ್ಮೆಲೇ ಸುರಿದರೆ ಒಳಗಿನ ಡಿಎಂಎಸ್‌ಒ (ಫ್ರೀಜ್ ಮಾಡುವಾಗ ಕೋಶವನ್ನು ಕಾಯಲು ಹಾಕಿದ ದ್ರಾವಕ) ಹೊರಬರುವ ಮೊದಲೇ ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ.

ಕರಗಿಸುವುದು ಸರಿಯಿದ್ದರೆ ತಪ್ಪು ಕೋಶಗಳನ್ನು ಫ್ರೀಜ್ ಮಾಡಿದ ದಿನದ್ದು. ಆ ದಿನ ಕೋಶ ಎಷ್ಟು ಶೇಕಡ ಬದುಕಿದ್ದವು ಎಂದು ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ಇವತ್ತಿನಿಂದ ಬರೆಯಿರಿ. ನಿಮಿಷಕ್ಕೆ 1 ಡಿಗ್ರಿಯಂತೆ ತಣಿಯಬೇಕು. ಐಸೊಪ್ರೊಪನಾಲ್ ತುಂಬಿದ ಡಬ್ಬಿ ಬಳಸುವವರು ಐದು ಸಲಕ್ಕೊಮ್ಮೆ ಅದನ್ನು ಬದಲಿಸಬೇಕು. ಬಳಸುತ್ತ ಬಳಸುತ್ತ ಅದು ನೀರು ಹೀರಿಕೊಂಡಿರುತ್ತದೆ. ಡಿಎಂಎಸ್‌ಒ ಸೇರಿಸಿದ ಮೇಲೆ ಟ್ಯೂಬುಗಳು ಮೇಜಿನ ಮೇಲೆ ಕಾಯುವಂತಿಲ್ಲ. ಮೈನಸ್ 80 ತಾತ್ಕಾಲಿಕ ತಂಗುದಾಣವಷ್ಟೇ. ಒಂದೆರಡು ದಿನದಲ್ಲಿ ದ್ರವ ಸಾರಜನಕದ ಟ್ಯಾಂಕಿಗೆ ಹೋಗಬೇಕು, ವಾರಗಟ್ಟಲೆ ಮರೆತರೆ ಕೋಶ ಸವೆಯುತ್ತದೆ.

ಬದುಕಿದವು 70 ಶೇಕಡಕ್ಕಿಂತ ಕಡಿಮೆಯಿದ್ದರೆ ಕಾರ್ಯಪರೀಕ್ಷೆಗೆ ನಾನು ಆ ಟ್ಯೂಬ್ ಬಳಸುವುದಿಲ್ಲ. ಇದು ನನ್ನ ಗೆರೆ. ನಿಮ್ಮದನ್ನು ನೀವು ಹಾಕಿಕೊಳ್ಳಿ, ಆದರೆ ಫಲಿತಾಂಶ ನೋಡುವ ಮೊದಲೇ ಹಾಕಿಕೊಳ್ಳಿ.

ಎಚ್ಚರ: ದ್ರವ ಸಾರಜನಕ ಆವಿಯಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ದ್ರವದಲ್ಲಿ ಮುಳುಗಿದ್ದ ಟ್ಯೂಬಿನೊಳಗೆ ಅದು ಸೋರಿ ಸೇರಿದ್ದರೆ ಬಿಸಿನೀರಿಗೆ ಹಾಕಿದೊಡನೆ ಸಿಡಿಯಬಹುದು. ಮುಖಗವಸು, ದಪ್ಪ ಕೈಗವಸು ಇಲ್ಲದೆ ಟ್ಯಾಂಕ್ ತೆರೆಯಬೇಡಿ. ಆಮ್ಲಜನಕದ ಅಲಾರಂ ಹೊಡೆದುಕೊಂಡರೆ ಕೋಶ ಬಿಟ್ಟು ಹೊರಗೆ ಬನ್ನಿ.

ಲಕ್ಷಣ: ಪ್ರಚೋದಿಸಿದರೂ ಟಿ ಕೋಶ ಮಿಸುಕುವುದಿಲ್ಲ

ಯಂತ್ರಕ್ಕೆ ಕೊಡುವ ಮುನ್ನ ಪ್ಲೇಟನ್ನು ಕಣ್ಣಿನಿಂದ ನೋಡಿ. ಎಚ್ಚೆತ್ತ ಟಿ ಕೋಶ ಒಂದೆರಡು ದಿನದಲ್ಲಿ ದೊಡ್ಡದಾಗಿ, ದ್ರಾಕ್ಷಿಗೊಂಚಲಿನಂತೆ ಗುಂಪುಗೂಡುತ್ತದೆ. ಮೂರು ನಾಲ್ಕನೇ ದಿನಕ್ಕೆ ಮೀಡಿಯಂ ಕೆಂಪಿನಿಂದ ಹಳದಿಯತ್ತ ತಿರುಗುತ್ತದೆ. ಗೊಂಚಲು ಇದೆ, ಗ್ರಾಫಿನಲ್ಲಿ ಏನೂ ಇಲ್ಲ ಎಂದಾದರೆ ದೋಷ ಕೋಶದಲ್ಲಿಲ್ಲ, ಅಳತೆಯಲ್ಲಿದೆ. ಪ್ಲೇಟಿನ ಎಲ್ಲ ಗುಳಿಗಳಲ್ಲೂ, ಅಂದರೆ ವೆಲ್‌ಗಳಲ್ಲೂ, ಮೀಡಿಯಂ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಇನ್‌ಕ್ಯುಬೇಟರಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ನೋಡಿ. ತೆರೆಯ ಮೇಲೆ 5 ಶೇಕಡ ಎಂದು ಬರೆದಿರುವುದು ಸಾಕ್ಷಿಯಲ್ಲ. ಬೇರೆ ಮಾಪಕದಿಂದ ಅಳೆಯಿಸಿ. ಪ್ಲೇಟಿನ ಅಂಚಿನ ವೆಲ್‌ಗಳು ಮಾತ್ರ ಸೊರಗಿದ್ದರೆ ನೀರು ಆರಿಹೋಗಿದೆ. ಅಂಚಿಗೆ ಪಿಬಿಎಸ್ ತುಂಬಿ, ಕೋಶವನ್ನು ಒಳಗಿನ ವೆಲ್‌ಗಳಲ್ಲಿಡಿ.

ಆಮೇಲೆ ಒಂದು ಪ್ರಶ್ನೆ: ಮಿಶ್ರ ಪಿಬಿಎಂಸಿಯಲ್ಲಿ ಕೆಲಸ ಮಾಡಿದ ಸಿಡಿ3 ಆಂಟಿಬಾಡಿ (ಟಿ ಕೋಶದ ಗ್ರಾಹಕಕ್ಕೆ ಅಂಟಿ ಅದನ್ನು ಎಚ್ಚರಿಸುವಂಥದ್ದು; ಸಿಡಿ ಸಂಖ್ಯೆಗಳೆಲ್ಲ ಕೋಶದ ಮೈಮೇಲಿನ ಗುರುತುಗಳ ಹೆಸರು), ಶುದ್ಧೀಕರಿಸಿದ ಟಿ ಕೋಶಗಳಲ್ಲಿ ಮಾತ್ರ ಸೋತಿದೆಯೇ? ಹಾಗಿದ್ದರೆ ಆಂಟಿಬಾಡಿ ಚೆನ್ನಾಗಿಯೇ ಇದೆ. ಮಿಶ್ರಣದಲ್ಲಿ ಮಾನೋಸೈಟ್‌ಗಳು ಅದರ ಬಾಲವನ್ನು ತಮ್ಮ ಎಫ್‌ಸಿ ಗ್ರಾಹಕದಿಂದ ಹಿಡಿದು, ಟಿ ಕೋಶದ ಮುಂದೆ ಗಟ್ಟಿಯಾಗಿ ಒಡ್ಡುತ್ತಿದ್ದವು. ಸಿಡಿ28ರ ಮೂಲಕ ಎರಡನೇ ಸಂಕೇತವನ್ನೂ ಅವೇ ಕೊಡುತ್ತಿದ್ದವು. ಅವನ್ನು ತೆಗೆದುಹಾಕಿದ ಮೇಲೆ ದ್ರವದಲ್ಲಿ ತೇಲುವ ಆಂಟಿಬಾಡಿಯಿಂದ ಗ್ರಾಹಕಗಳು ಒಟ್ಟುಗೂಡುವುದಿಲ್ಲ. ಪ್ಲೇಟಿಗೆ ಅಂಟಿಸಿ, ಇಲ್ಲವೇ ಮಣಿಗಳನ್ನು ಬಳಸಿ. ಸಿಡಿ28 ಆಂಟಿಬಾಡಿಯನ್ನೂ ಸೇರಿಸಿ. ಅಂಟಿಸುವಾಗ ಬರೀ ಪಿಬಿಎಸ್ ಇರಲಿ. ಸೀರಂ ಇರುವ ಮೀಡಿಯಂನಲ್ಲಿ ಕರಗಿಸಿದರೆ ಆಂಟಿಬಾಡಿಯ ಜಾಗದಲ್ಲಿ ಸೀರಂನ ಪ್ರೋಟೀನ್ ಹೋಗಿ ಕೂರುತ್ತದೆ.

ಇಷ್ಟಾದರೂ ತಿಳಿಯದಿದ್ದರೆ ಪಿಎಂಎ ಮತ್ತು ಅಯನೊಮೈಸಿನ್ ಹಾಕಿ ನೋಡಿ. ಇವು ಗ್ರಾಹಕವನ್ನು ಬಿಟ್ಟು ನೇರವಾಗಿ ಒಳಗಿನ ಸಂಕೇತವನ್ನೇ ಮುಟ್ಟುತ್ತವೆ. ಇದಕ್ಕೆ ಕೋಶ ಸ್ಪಂದಿಸಿ ಸಿಡಿ3ಗೆ ಸ್ಪಂದಿಸದಿದ್ದರೆ ತೊಂದರೆ ಆಂಟಿಬಾಡಿಯಲ್ಲಿ, ಗ್ರಾಹಕದಲ್ಲಿ ಅಥವಾ ಅದರ ಹತ್ತಿರದ ಮೆಟ್ಟಿಲಲ್ಲಿ. ಎರಡಕ್ಕೂ ಸ್ಪಂದಿಸದಿದ್ದರೆ ಕೋಶ ಸತ್ತಿದೆ, ಇಲ್ಲವೇ ನೀವು ಅಳೆಯುವ ವಿಧಾನ ಕುರುಡಾಗಿದೆ. ಸೈಟೋಕೈನನ್ನು (ಕೋಶ ಹೊರಸೂಸುವ ಸಂಕೇತ ಪ್ರೋಟೀನನ್ನು) ಕೋಶದೊಳಗೇ ಅಳೆಯುವುದಾದರೆ, ಅದು ಹೊರಹೋಗದಂತೆ ತಡೆಯುವ ಬ್ರೆಫೆಲ್ಡಿನ್ ಹಾಕಿದಿರಾ? ಹಾಕದಿದ್ದರೆ ಕೋಶ ಅದನ್ನು ತಯಾರಿಸಿ ಹೊರಗೆ ಚೆಲ್ಲಿಬಿಟ್ಟಿರುತ್ತದೆ. ಪಿಎಂಎ ಹಾಕಿದ ಮೇಲೆ ಸಿಡಿ4 ಕಾಣೆಯಾದರೆ ಗಾಬರಿ ಬೇಡ, ಅದು ಸಿಡಿ4 ಅನ್ನು ಕೋಶದ ಮೈಮೇಲಿಂದ ಒಳಗೆಳೆಯುತ್ತದೆ. ಪಿಎಂಎ ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ವಸ್ತು, ಡಿಎಂಎಸ್‌ಒನಲ್ಲಿ ಕರಗಿದ್ದರೆ ಚರ್ಮ ದಾಟುತ್ತದೆ. ಗ್ಲವ್ಸ್ ಮೇಲೆ ಬಿದ್ದರೆ ತಕ್ಷಣ ಬದಲಿಸಿ.

ಲಕ್ಷಣ: ಏನೂ ಹಾಕದ ವೆಲ್‌ನಲ್ಲೂ ಸೈಟೋಕೈನ್ ಉಕ್ಕುತ್ತಿದೆ

ಬರೀ ಮೀಡಿಯಂ ಇರುವ ವೆಲ್‌ನಲ್ಲಿ ಟಿಎನ್‌ಎಫ್, ಐಎಲ್-6 ಎಂಬ ಸೈಟೋಕೈನ್‌ಗಳು ಏರಿದ್ದರೆ ಮೊದಲು ಎಂಡೋಟಾಕ್ಸಿನ್, ಅಂದರೆ ಎಲ್‌ಪಿಎಸ್, ಅನುಮಾನಿಸಿ. ಬ್ಯಾಕ್ಟೀರಿಯಾ ಸತ್ತುಹೋಗಿ ಎಷ್ಟೋ ದಿನವಾದರೂ ಅದರ ಹೊರಪೊರೆಯ ಎಲ್‌ಪಿಎಸ್ ಉಳಿದಿರುತ್ತದೆ. ಮಾನೋಸೈಟ್‌ನ ಟಿಎಲ್‌ಆರ್4 ಗ್ರಾಹಕ ಅದರ ಅತ್ಯಲ್ಪ ಅಂಶವನ್ನೂ ಹಿಡಿಯುತ್ತದೆ. 121 ಡಿಗ್ರಿಯ ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಲ್‌ಪಿಎಸ್ಸನ್ನು ಅಲ್ಲ. ಗಾಜಿನ ಪಾತ್ರೆಯಾದರೆ 250 ಡಿಗ್ರಿ ಒಣಶಾಖದಲ್ಲಿ 30 ನಿಮಿಷ ಇಡಬೇಕು.

ಯಾವ ಬಾಟಲಿ ಎಂದು ಹುಡುಕಲು ಒಂದೊಂದನ್ನೇ ಬದಲಿಸುತ್ತ ಬನ್ನಿ: ನೀರು, ಸೀರಂ, ಪಿಬಿಎಸ್, ಮೀಡಿಯಂ. ಎಲ್ಲವನ್ನೂ ಒಟ್ಟಿಗೆ ಚೆಲ್ಲಿದರೆ ತೊಂದರೆ ಹೋಗಬಹುದು, ಕಾರಣ ಮಾತ್ರ ಎಂದೂ ಸಿಗುವುದಿಲ್ಲ.

ಇದರ ಹೆಚ್ಚು ಅಪಾಯಕಾರಿ ರೂಪ ಬೇರೆಯಿದೆ. ನೀವು ಅಧ್ಯಯನ ಮಾಡುತ್ತಿರುವ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದು, ಅದು ಮಾನೋಸೈಟ್‌ಗಳನ್ನು ಚೆನ್ನಾಗಿ ಕೆರಳಿಸುತ್ತಿದೆ ಎನ್ನಿ. ಕೆರಳಿಸಿದ್ದು ಪ್ರೋಟೀನೋ, ಅದರ ಜೊತೆ ಬಂದ ಎಲ್‌ಪಿಎಸ್ಸೋ? ಪ್ರೋಟೀನನ್ನು 95 ಡಿಗ್ರಿಯಲ್ಲಿ ಕುದಿಸಿ ಮತ್ತೆ ಹಾಕಿ. ಕುದಿಸಿದ ಮೇಲೂ ಪ್ರಭಾವ ಹಾಗೆಯೇ ಉಳಿದರೆ ಅದು ಎಲ್‌ಪಿಎಸ್ ಎಂಬ ಅನುಮಾನ ಬಲವಾಗುತ್ತದೆ. ಇನ್ನೊಂದು ವೆಲ್‌ಗೆ ಪಾಲಿಮಿಕ್ಸಿನ್ ಬಿ ಸೇರಿಸಿ. ಅದು ಎಲ್‌ಪಿಎಸ್ಸನ್ನು ಕಟ್ಟಿಹಾಕುತ್ತದೆ. ಪ್ರಭಾವ ಇಳಿದರೆ ಅನುಮಾನ ಗಟ್ಟಿ. ಕೊನೆಗೆ ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡಿಸಿ.

ಜುರ್ಕಾಟ್, ಟಿಎಚ್‌ಪಿ-1ನಂಥ ಕೋಶಸಾಲುಗಳಲ್ಲಿ (ಪ್ರಯೋಗಾಲಯದಲ್ಲಿ ನಿರಂತರ ಬೆಳೆಯುವ ಕೋಶಗಳಲ್ಲಿ) ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾವನ್ನೂ ನೋಡಬೇಕು. ಮೀಡಿಯಂ ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರಾನ್ ಫಿಲ್ಟರನ್ನೂ ದಾಟಬಲ್ಲದು. ಕೆಲವು ಜಾತಿಗಳು ಮೀಡಿಯಂನ ಆರ್ಜಿನೀನ್ ತಿಂದುಹಾಕಿ ಟಿ ಕೋಶದ ಬೆಳವಣಿಗೆಯನ್ನೇ ತಡೆಯುತ್ತವೆ. ಪಿಸಿಆರ್ ಮಾಡಿಸಿ, ಪಾಸಿಟಿವ್ ಬಂದರೆ ಆ ಫ್ಲಾಸ್ಕನ್ನು ಉಳಿಸಿಕೊಳ್ಳಲು ಹೋಗದೆ ನಾಶಮಾಡಿ, ಅದೇ ಇನ್‌ಕ್ಯುಬೇಟರ್ ಹಂಚಿಕೊಂಡ ಎಲ್ಲರಿಗೂ ಅಂದೇ ತಿಳಿಸಿ. ಹೇಳಲು ಮುಜುಗರವಾಗುತ್ತದೆ, ನಿಜ. ಮುಚ್ಚಿಟ್ಟರೆ ಇಡೀ ಕೋಣೆಯ ತಿಂಗಳುಗಳ ಕೆಲಸ ಹಾಳು.

ಲಕ್ಷಣ: ಫ್ಲೋ ಸೈಟೋಮೀಟರಿನಲ್ಲಿ ಇರಬಾರದ ಕೋಶ ಇದೆ, ಇರಬೇಕಾದದ್ದು ಇಲ್ಲ

ಎಲ್ಲ ಬಣ್ಣಕ್ಕೂ ಪಾಸಿಟಿವ್ ಆಗಿ ಕರ್ಣರೇಖೆಯಲ್ಲಿ ಸಾಲುಗಟ್ಟಿರುವವು ಬಹುಮಟ್ಟಿಗೆ ಸತ್ತ ಕೋಶಗಳು. ಅವಕ್ಕೆ ಯಾವ ಆಂಟಿಬಾಡಿಯಾದರೂ ಅಂಟುತ್ತದೆ. ಸತ್ತ ಕೋಶ ತೋರಿಸುವ ಬಣ್ಣವನ್ನು ಯಾವ ಪ್ರಯೋಗದಲ್ಲೂ ಬಿಡಬೇಡಿ. ಟಿ ಕೋಶದ ಸಿಡಿ3, ಮಾನೋಸೈಟಿನ ಸಿಡಿ14 ಎರಡೂ ಇರುವ ಹೊಸ ಜಾತಿಯ ಕೋಶ ಸಿಕ್ಕಿತೆಂದು ಸಂಭ್ರಮಿಸುವ ಮೊದಲು ಎತ್ತರ ಮತ್ತು ವಿಸ್ತೀರ್ಣದ ಪ್ಲಾಟಿನಲ್ಲಿ ಜೋಡಿಗಳನ್ನು ತೆಗೆದುಹಾಕಿ. ಅದು ಟಿ ಕೋಶಕ್ಕೆ ಅಂಟಿದ ಮಾನೋಸೈಟ್ ಆಗಿರಬಹುದು. ಮಾನೋಸೈಟೇ ಕಾಣದಿದ್ದರೆ ಅವು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹಿಂದೆಯೇ ಉಳಿದಿವೆ.

ಪಿಇ-ಸೈ7ನಂಥ ಜೋಡಿ ಬಣ್ಣ ಬೆಳಕಿಗೆ ಒಡ್ಡಿಕೊಂಡರೆ, ಫಿಕ್ಸ್ ಮಾಡಿ ಬಹಳ ಹೊತ್ತು ಇಟ್ಟರೆ ಒಡೆಯುತ್ತದೆ. ಆಗ ಅದು ಬರೀ ಪಿಇಯಂತೆ ಹೊಳೆದು ನೀವು ಹಚ್ಚದ ಗುರುತನ್ನು ತೋರಿಸುತ್ತದೆ. ಆ ಒಂದು ಆಂಟಿಬಾಡಿಯನ್ನು ಮಾತ್ರ ಹಚ್ಚಿ ಪಿಇ ಕಿಟಕಿಯಲ್ಲಿ ನೋಡಿದರೆ ತಿಳಿದುಬಿಡುತ್ತದೆ. ಗೇಟ್ (ಪಾಸಿಟಿವ್, ನೆಗೆಟಿವ್ ಬೇರೆ ಮಾಡುವ ಗಡಿಗೆರೆ) ಎಲ್ಲಿ ಹಾಕಬೇಕೆಂಬ ಜಗಳಕ್ಕೆ ಒಂದು ಬಣ್ಣ ಮಾತ್ರ ಬಿಟ್ಟು ಉಳಿದೆಲ್ಲ ಹಚ್ಚಿದ ಟ್ಯೂಬ್, ಅಂದರೆ ಎಫ್‌ಎಂಒ, ಇಟ್ಟುಕೊಳ್ಳುವುದೇ ಪರಿಹಾರ. ಲೇಸರ್, ಜೋಡಣೆ, ದ್ರವದ ಒತ್ತಡ ಇವನ್ನು ಸ್ವತಃ ಬಿಚ್ಚಲು ಹೋಗಬೇಡಿ, ಯಂತ್ರ ನೋಡಿಕೊಳ್ಳುವವರನ್ನು ಕರೆಯಿರಿ.

ಬಫರಿನಲ್ಲಿ ಸೋಡಿಯಂ ಅಜೈಡ್ ಇದ್ದರೆ ಸಿಂಕಿಗೆ ಸುರಿಯಬೇಡಿ. ಸೀಸ, ತಾಮ್ರದ ಕೊಳವೆಯಲ್ಲಿ ಅದು ಸ್ಫೋಟಕ ಲವಣವಾಗುತ್ತದೆ. ಆಮ್ಲ ತಗುಲಿದರೆ ವಿಷಾನಿಲ ಬಿಡುತ್ತದೆ.

ಲಕ್ಷಣ: ರೋಗಿಗಳಿಗೂ ಆರೋಗ್ಯವಂತರಿಗೂ ವ್ಯತ್ಯಾಸ ತೀರಾ ಚೊಕ್ಕಟವಾಗಿ ಬಂದಿದೆ

ಇದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರ ಲಕ್ಷಣ ಇದೇ. ಬೇರೆ ದೋಷಗಳು ನಿಮ್ಮನ್ನು ತಡೆದು ನಿಲ್ಲಿಸುತ್ತವೆ. ಇದು ಮುಂದಕ್ಕೆ ತಳ್ಳುತ್ತದೆ.

ನಮ್ಮಲ್ಲೇ ಆದದ್ದು ಹೇಳುತ್ತೇನೆ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ಎರಗುವ ಕಾಯಿಲೆ) ಇರುವ ರೋಗಿಗಳ ಪಿಬಿಎಂಸಿ ಪದರದಲ್ಲಿ ಗ್ರಾನ್ಯುಲೋಸೈಟ್‌ಗಳು ಕಾಣುತ್ತಿದ್ದವು, ಆರೋಗ್ಯವಂತರಲ್ಲಿ ಇಲ್ಲವೇ ಇಲ್ಲ. ಲೂಪಸ್‌ನಲ್ಲಿ ಹಗುರ ಸಾಂದ್ರತೆಯ ಗ್ರಾನ್ಯುಲೋಸೈಟ್ ಇರುವುದು ನಿಜ, ಚೆನ್ನಾಗಿ ದಾಖಲಾಗಿರುವ ಸಂಗತಿ. ಆದ್ದರಿಂದ ನಮಗೆ ಅನುಮಾನವೇ ಬರಲಿಲ್ಲ. ಜೊತೆಗೆ ರೋಗಿಗಳ ಟಿ ಕೋಶ ಕಡಿಮೆ ವಿಭಜನೆಯಾಗುತ್ತಿದ್ದವು, ಕಥೆ ಪೂರ್ತಿಯಾದಂತಿತ್ತು. ಒಂದು ದಿನ ಟ್ಯೂಬುಗಳ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಸಮಯ ಬರೆದುಕೊಳ್ಳುತ್ತ ಹೋದೆ. ರೋಗಿಗಳ ರಕ್ತ ಆಸ್ಪತ್ರೆಯಿಂದ ಸಂಜೆ ಹೊರಟು ನಮ್ಮ ಕೈ ಸೇರುತ್ತಿದ್ದುದು ಮರುದಿನ ಬೆಳಿಗ್ಗೆ. ಆರೋಗ್ಯವಂತರ ರಕ್ತ ನಮ್ಮದೇ ಕಟ್ಟಡದಲ್ಲಿ ತೆಗೆದು ಒಂದು ಗಂಟೆಯೊಳಗೆ ಫೈಕಾಲ್ ಮೇಲೆ ಬೀಳುತ್ತಿತ್ತು. ಎರಡು ಸಾಲು ಚೀಟಿಗಳ ನಡುವೆ ರೋಗಕ್ಕಿಂತ ಮೊದಲು ಒಂದು ರಾತ್ರಿ ಕೂತಿತ್ತು.

ಕಾದ ರಕ್ತದಲ್ಲಿ ಗ್ರಾನ್ಯುಲೋಸೈಟ್‌ಗಳು ಪ್ರಚೋದನೆಗೊಂಡು ಸಾಂದ್ರತೆ ಕಳೆದುಕೊಳ್ಳುತ್ತವೆ, ತಳಕ್ಕೆ ಇಳಿಯದೆ ಬಿಳಿ ಪದರದಲ್ಲೇ ಉಳಿಯುತ್ತವೆ. ಹಾಗೆ ಉಳಿದವು ಟಿ ಕೋಶದ ವಿಭಜನೆಯನ್ನು ತಗ್ಗಿಸುತ್ತವೆ. ಅಂದರೆ ರೋಗ ಮಾಡುವ ಎರಡೂ ಕೆಲಸವನ್ನು ತಡವೂ ಮಾಡಬಲ್ಲದು.

ಬೇರ್ಪಡಿಸುವ ಪರೀಕ್ಷೆಗೆ ಖರ್ಚು ಒಂದು ಟ್ಯೂಬ್ ರಕ್ತ. ಆರೋಗ್ಯವಂತ ದಾನಿಯ ರಕ್ತವನ್ನು ಎರಡು ಪಾಲು ಮಾಡಿ. ಒಂದನ್ನು ತಕ್ಷಣ ಸಂಸ್ಕರಿಸಿ, ಇನ್ನೊಂದನ್ನು ರೋಗಿಯ ರಕ್ತ ಕಾದಷ್ಟೇ ಹೊತ್ತು, ಅದೇ ಶಾಖದಲ್ಲಿ, ಅದೇ ಬಗೆಯ ಟ್ಯೂಬಿನಲ್ಲಿ ಇಟ್ಟು ಆಮೇಲೆ ಸಂಸ್ಕರಿಸಿ. ಸಿಡಿ15 ಅಥವಾ ಸಿಡಿ66ಬಿ ಹಚ್ಚಿ ಪದರದಲ್ಲಿ ಗ್ರಾನ್ಯುಲೋಸೈಟ್ ಎಣಿಸಿ. ನಾವು ಮಾಡಿದಾಗ ಕಾದ ಪಾಲಿನಲ್ಲಿ ಅವು ಸಾಲಾಗಿ ಬಂದು ಕೂತಿದ್ದವು, ಅದೇ ಮನುಷ್ಯ, ಅದೇ ತೋಳಿನ ರಕ್ತ. ಆ ಪ್ಲಾಟ್ ನೋಡಿದ ಮಧ್ಯಾಹ್ನ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಸಮಯವೊಂದೇ ಅಲ್ಲ. ರೋಗಿಗಳ ಟ್ಯೂಬ್ ಇಡಿಟಿಎ, ಆರೋಗ್ಯವಂತರದ್ದು ಹೆಪಾರಿನ್ (ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಆಗಿದೆಯೇ? ಹೆಪಾರಿನ್ ಪಿಸಿಆರ್ ಅನ್ನೂ ಅಡ್ಡಿಪಡಿಸುತ್ತದೆ. ರೋಗಿಗಳು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾರೆಯೇ? ಅದು ಕೆಲವೇ ಗಂಟೆಗಳಲ್ಲಿ ರಕ್ತದ ಲಿಂಫೋಸೈಟ್ ಇಳಿಸಿ ನ್ಯೂಟ್ರೋಫಿಲ್ ಏರಿಸುತ್ತದೆ. ವಯಸ್ಸು ಹೊಂದುತ್ತದೆಯೇ? ಮುದುಕರಲ್ಲಿ ಎಳೆಯ ಟಿ ಕೋಶ ಕಡಿಮೆ. ಹಳೆಯ ಸೈಟೊಮೆಗಲೋ ವೈರಸ್ ಸೋಂಕು ಇದ್ದವರಲ್ಲಿ ಸಿಡಿ28 ಇಲ್ಲದ ಸಿಡಿ8 ಕೋಶ ಹೆಚ್ಚಿರುತ್ತವೆ, ಯಾವ ಕಾಯಿಲೆಯಾದರೂ ಸರಿ. ಶೇಕಡ ಏರಿದ್ದು ನಿಜವಾದ ಏರಿಕೆಯೇ? ಟಿ ಕೋಶ ಇಳಿದರೆ ಎನ್‌ಕೆ ಕೋಶದ ಶೇಕಡ ತಾನಾಗಿ ಏರುತ್ತದೆ, ಸಂಖ್ಯೆ ಒಂದೂ ಹೆಚ್ಚದೆ. ರೋಗಿಗಳನ್ನೆಲ್ಲ ಒಂದು ವಾರ, ಆರೋಗ್ಯವಂತರನ್ನೆಲ್ಲ ಇನ್ನೊಂದು ವಾರ ಓಡಿಸಿದ್ದರೆ ವ್ಯತ್ಯಾಸ ವಾರದ್ದಾಗಿರಬಹುದು. ಪ್ರತಿ ತಂಡದಲ್ಲೂ, ಅಂದರೆ ಒಟ್ಟಿಗೆ ಓಡಿಸುವ ಮಾದರಿಗಳ ಕಂತಿನಲ್ಲೂ, ಇಬ್ಬರನ್ನೂ ಬೆರೆಸಿ, ಫ್ರೀಜ್ ಮಾಡಿಟ್ಟ ಒಬ್ಬನೇ ದಾನಿಯ ಕೋಶವನ್ನು ಪ್ರತಿ ಸಲವೂ ಜೊತೆಗೆ ಓಡಿಸಿ. ಗೇಟ್ ಹಾಕುವವರಿಗೆ ಯಾವುದು ಯಾರದ್ದೆಂದು ತಿಳಿಯದಿರಲಿ.

ಇಲ್ಲಿ ಇಬ್ಬರ ನೆರವು ಬೇಕು. ಸಂಖ್ಯಾಶಾಸ್ತ್ರ ಬಲ್ಲವರನ್ನು ಮಾದರಿ ತೆಗೆಯುವ ಮುನ್ನವೇ ಕೇಳಿ; ತಂಡವೂ ರೋಗವೂ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡ ಮೇಲೆ ಅವರೂ ಬಿಡಿಸಲಾರರು. ಆರೋಗ್ಯವಂತ ದಾನಿಯೊಬ್ಬರ ಪ್ಲಾಟಿನಲ್ಲಿ ಬಿ ಕೋಶಗಳು ಅತಿಯಾಗಿ ತುಂಬಿರುವಂಥ ಅಸಹಜ ಚಿತ್ರ ಕಂಡರೆ ಅದನ್ನು ಹೊರಗಿಡಬೇಕಾದ ಮಾದರಿ ಎಂದು ಅಳಿಸಬೇಡಿ, ನೀವೇ ಫೋನ್ ಮಾಡಿ ಹೆದರಿಸಲೂಬೇಡಿ. ನಮ್ಮ ಪ್ರಯೋಗ ರೋಗನಿರ್ಣಯದ ಪರೀಕ್ಷೆಯಲ್ಲ. ಒಪ್ಪಿಗೆ ಪತ್ರದಲ್ಲಿ ಗೊತ್ತುಮಾಡಿರುವ ದಾರಿಯಲ್ಲಿ, ಅಧ್ಯಯನದ ವೈದ್ಯರ ಮೂಲಕವೇ ಅದು ಆ ವ್ಯಕ್ತಿಗೆ ಮುಟ್ಟಬೇಕು.

ನಾವು ಆಸ್ಪತ್ರೆಯವರೊಂದಿಗೆ ಕೂತು, ಬೆಳಿಗ್ಗೆಯ ಹೊರರೋಗಿ ವಿಭಾಗದಲ್ಲೇ ರಕ್ತ ತೆಗೆದು ಎರಡು ಗಂಟೆಯೊಳಗೆ ತರಿಸುವ ಏರ್ಪಾಡು ಮಾಡಿಕೊಂಡೆವು. ಟ್ಯೂಬಿನ ಚೀಟಿಯ ಮೇಲೆ ಈಗ ಎರಡು ಸಮಯ ಇರುತ್ತದೆ: ರಕ್ತ ತೆಗೆದದ್ದು, ಫೈಕಾಲ್ ಮೇಲೆ ಸುರಿದದ್ದು. ವ್ಯತ್ಯಾಸ ಬಹಳ ಕುಗ್ಗಿತು. ಟಿ ಕೋಶಗಳ ದಣಿವು ಹೆಚ್ಚುಕಡಿಮೆ ಮಾಯವಾಯಿತು. ಗ್ರಾನ್ಯುಲೋಸೈಟ್‌ಗಳು ಮಾತ್ರ ಕೆಲವು ರೋಗಿಗಳ ಪದರದಲ್ಲಿ, ತಾಜಾ ರಕ್ತದಲ್ಲೂ, ಸಣ್ಣ ಗುಂಪಾಗಿ ಉಳಿದವು. ಈಗ ನಾವು ಕೆಲಸ ಮಾಡುತ್ತಿರುವುದು ಆ ಸಣ್ಣ ಗುಂಪಿನ ಮೇಲೆ.